ಕ್ರಿಯಾಪದ ಬರುವವರೆಗೆ

ದೀಪಾವಳಿ ಕಳೆದ ಮರುವಾರ ಅಮ್ಮನ ಬಲಗಣ್ಣಿನ ಪೊರೆ ತೆಗೆಸಿದೆವು. ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ಚಳಿಗಾಲದಲ್ಲೇ ಮಾಡಿಸಬೇಕೆಂಬ ಹಳೆಯ ನಂಬಿಕೆಯನ್ನು ಅವರು ಇನ್ನೂ ಬಿಟ್ಟಿಲ್ಲ. ಎರಡು ಮೂರು ಮಿಲಿಮೀಟರಿನಷ್ಟು ಸಣ್ಣ ಸೀಳಿನೊಳಗಿಂದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆದು, ಅಲ್ಲಿಯೇ ಕೃತಕ ಮಸೂರವನ್ನು ಕೂರಿಸುವ ಈಗಿನ ವಿಧಾನಕ್ಕೆ ಬೇಸಿಗೆಯೂ ಒಂದೇ, ಚಳಿಗಾಲವೂ ಒಂದೇ ಎಂದು ವೈದ್ಯರು ಎಷ್ಟು ತಿಳಿಹೇಳಿದರೂ ಅವರು ಆಷಾಢದಿಂದ ಕಾರ್ತಿಕದವರೆಗೆ ಕಾದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ಓದುವ ಕನ್ನಡಕದ ಅಳತೆಯನ್ನು ಒಂದು ತಿಂಗಳ ನಂತರ ನೋಡುವುದಾಗಿ ಹೇಳಿ, ಕಣ್ಣಿಗೆ ಬಿಡುವ ಹನಿಗಳ ಪಟ್ಟಿಯನ್ನು ಕೈಗೆ ಕೊಟ್ಟು ಕಳುಹಿಸಿದರು. ಎಡಗಣ್ಣಿನಲ್ಲೂ ಪೊರೆ ಬೆಳೆದಿದೆ. ಹೀಗಾಗಿ ಐವತ್ತು ವರ್ಷಗಳಿಂದ ರಾತ್ರಿಯ ಊಟದಷ್ಟೇ ತಪ್ಪದೆ ಸಂಜೆ ಪುಸ್ತಕ ಹಿಡಿಯುತ್ತಿದ್ದ ಅಮ್ಮ ಒಂದು ತಿಂಗಳನ್ನು ಪುಸ್ತಕವಿಲ್ಲದೆ ಕಳೆಯಬೇಕಾಯಿತು. ಮೂರನೆಯ ಸಂಜೆ, ನಾನು ಆಸ್ಪತ್ರೆಯಿಂದ ಬಂದು ಕೈಕಾಲು ತೊಳೆದು ಕುಳಿತಾಗ, "ದಿನಕ್ಕೆ ಅರ್ಧ ಗಂಟೆ ನೀನೇ ಓದಿ ಹೇಳು" ಎಂದರು.

ಆ ಮಾತಿಗೆ ನಾನು ತಕ್ಷಣ ಒಪ್ಪಿಕೊಂಡರೂ ಒಳಗೊಳಗೇ ಅಳುಕಿದೆ. ಏಕೆಂದರೆ ಆರು ವರ್ಷಗಳಿಂದ ನಾನು ಒಂದು ಪುಸ್ತಕವನ್ನೂ ಪೂರ್ತಿಯಾಗಿ ಓದಿರಲಿಲ್ಲ. ಇದನ್ನು ಅಮ್ಮನಿಗೆ ಹೇಳಿರಲಿಲ್ಲ.

ನನ್ನ ಕೆಲಸ ದುಭಾಷಿಯದು. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ವೈದ್ಯರ ಮಾತನ್ನು ರೋಗಿಗೂ ರೋಗಿಯ ಮಾತನ್ನು ವೈದ್ಯರಿಗೂ ತಲುಪಿಸುತ್ತೇನೆ. ಕುತ್ತಿಗೆಯಲ್ಲಿ ತೂಗುವ ಗುರುತಿನ ಚೀಟಿಯಲ್ಲಿ 'ಪೇಷೆಂಟ್ ಕೋಆರ್ಡಿನೇಟರ್' ಎಂದಿದೆ. ದುಭಾಷಿ ಎಂಬ ಹಳೆಯ, ಸ್ಪಷ್ಟವಾದ ಪದವನ್ನು ಯಾವ ಆಡಳಿತ ಕಚೇರಿಯೂ ಚೀಟಿಯಲ್ಲಿ ಅಚ್ಚುಹಾಕುವುದಿಲ್ಲ. ನನಗೆ ಕನ್ನಡ ಮನೆಯ ಭಾಷೆ. ಅಪ್ಪನ ಶಿಕ್ಷಕ ವೃತ್ತಿಯ ಕಾರಣದಿಂದ ಬಾಲ್ಯವನ್ನು ಗೌರಿಬಿದನೂರಿನಲ್ಲಿ ಕಳೆದದ್ದರಿಂದ ತೆಲುಗು ನೆರೆಮನೆಯಿಂದಲೂ ಬೀದಿಯ ಆಟಗಳಿಂದಲೂ ಬಂತು. ಹಿಂದಿ ಮತ್ತು ಇಂಗ್ಲಿಷ್ ಶಾಲೆಯಿಂದ ಬಂದವು. ಅನಂತಪುರ, ಹಿಂದೂಪುರ, ಮದನಪಲ್ಲಿಗಳಿಂದ ಬರುವ ರೋಗಿಗಳು, ರಾಯಚೂರು, ಕಲಬುರಗಿ, ಯಾದಗಿರಿಗಳಿಂದ ರಾತ್ರಿಯ ಬಸ್ಸು ಹಿಡಿದು ಬೆಳಗ್ಗೆ ನೇರವಾಗಿ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಲ್ಲುವವರು, ಅವರೆದುರಿಗೆ ದೆಹಲಿಯಿಂದಲೋ ಕೊಚ್ಚಿಯಿಂದಲೋ ಬಂದು ಇಲ್ಲಿ ಉನ್ನತ ವ್ಯಾಸಂಗ ಮಾಡುತ್ತಿರುವ ಯುವ ವೈದ್ಯರು: ಈ ಇಬ್ಬರ ನಡುವಿನ ಸ್ಟೂಲೇ ನನ್ನ ಜಾಗ. ಈ ಬರಹದಲ್ಲಿ ಬರುವ ರೋಗಿಗಳ ಊರು, ವಯಸ್ಸು, ಕಾಯಿಲೆಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಅವರ ಮಾತುಗಳನ್ನು ಬದಲಿಸಿಲ್ಲ.

ಈ ಕೆಲಸದ ಮೊದಲ ನಿಯಮವೆಂದರೆ ರೋಗಿ 'ನನಗೆ ನೋವು' ಎಂದರೆ ದುಭಾಷಿಯೂ 'ನನಗೆ ನೋವು' ಎಂದೇ ಹೇಳಬೇಕು. 'ಅವರಿಗೆ ನೋವಂತೆ' ಎನ್ನಬಾರದು. ಸೇರಿಸಬಾರದು, ಬಿಡಬಾರದು, ತಿದ್ದಬಾರದು. ಕೇಳಿದ್ದು ಅಲ್ಲಿಯೇ ಮುಗಿಯಬೇಕು. ಔಷಧದ ಪ್ರಮಾಣ, ದಿನಾಂಕ, ಹಿಂದಿನ ಶಸ್ತ್ರಚಿಕಿತ್ಸೆ ಮುಂತಾದವನ್ನು ತುಂಡು ಕಾಗದದ ಮೇಲೆ ಬರೆದುಕೊಳ್ಳುತ್ತೇನೆ, ಸಮಾಲೋಚನೆ ಮುಗಿದ ಕೂಡಲೇ ಆ ಕಾಗದವನ್ನು ಹರಿದು ಹಾಕುತ್ತೇನೆ. ಒಂದು ದಿನಕ್ಕೆ ಇಪ್ಪತ್ತೈದು ಮೂವತ್ತು ಜನರ ಬದುಕು ನನ್ನ ಬಾಯಿಯ ಮೂಲಕ ಹಾದು ಹೋಗುತ್ತದೆ. ಮುಂದಿನವರು ಬಂದು ಕುಳಿತಾಗ ಹಿಂದಿನವರು ನೆನಪಿನಲ್ಲಿ ಉಳಿದಿದ್ದರೆ ಮಾತು ಕಲಬೆರಕೆಯಾಗುತ್ತದೆ. ಆದ್ದರಿಂದ ಒಂದು ನಿಮಿಷ ಗಟ್ಟಿಯಾಗಿ ಹಿಡಿದುಕೊಳ್ಳುವುದು, ಮರುನಿಮಿಷ ಪೂರ್ತಿಯಾಗಿ ಬಿಟ್ಟುಬಿಡುವುದು, ಇವೆರಡನ್ನೂ ಮನಸ್ಸಿಗೆ ವರ್ಷಗಟ್ಟಲೆ ಅಭ್ಯಾಸ ಮಾಡಿಸಿದ್ದೇನೆ.

ಇದೇ ಅಭ್ಯಾಸ ನನ್ನ ಓದನ್ನು ಕಿತ್ತುಕೊಂಡಿತು ಎಂಬುದು ಬಹಳ ತಡವಾಗಿ ಅರಿವಾಯಿತು. ಕಾದಂಬರಿಯೊಂದರ ಎರಡನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಮೊದಲನೆಯ ಅಧ್ಯಾಯ ಹರಿದ ಕಾಗದದಂತೆ ಮನಸ್ಸಿನಿಂದ ಹೋಗಿಬಿಡುತ್ತಿತ್ತು. ಅದಕ್ಕಿಂತ ಕಷ್ಟದ ಸಂಗತಿಯೆಂದರೆ, ಒಂದು ವಾಕ್ಯ ಕಣ್ಣಿಗೆ ಬಿದ್ದೊಡನೆ ಅದು ತೆಲುಗಿನಲ್ಲಿ ಹೇಗಿರುತ್ತದೆ, ಹಿಂದಿಯಲ್ಲಿ ಹೇಗೆ ಹೇಳಬೇಕು ಎಂದು ತಲೆಯೊಳಗೆ ಕೆಲಸ ಶುರುವಾಗುತ್ತಿತ್ತು. ಎರಡು ಪುಟಕ್ಕೆ ನಾಲ್ಕು ರೋಗಿಗಳನ್ನು ನೋಡಿದಷ್ಟು ದಣಿವು. ಪುಸ್ತಕ ಮುಚ್ಚಿ ಫೋನ್ ಹಿಡಿಯುತ್ತಿದ್ದೆ. ಫೋನಿನಲ್ಲಿ ಯಾವ ವಾಕ್ಯವೂ ಉದ್ದವಾಗಿರುವುದಿಲ್ಲವಾದ್ದರಿಂದ ಯಾವುದನ್ನೂ ಹಿಡಿದಿಟ್ಟುಕೊಳ್ಳಬೇಕಾಗಿರಲಿಲ್ಲ.

ಅಮ್ಮ ಓದಿಸಿಕೊಳ್ಳಲು ಆರಿಸಿಕೊಂಡದ್ದು ಅಚ್ಚಾದ ಪುಸ್ತಕವಲ್ಲ, ಅಪ್ಪ ಬೈಂಡ್ ಮಾಡಿಸಿಟ್ಟ ಒಂದು ಧಾರಾವಾಹಿ. ಎಪ್ಪತ್ತರ ದಶಕದಲ್ಲಿ ವಾರಪತ್ರಿಕೆಯಲ್ಲಿ ಬಂದ ಕಂತುಗಳನ್ನು ಅಂಚು ಕತ್ತರಿಸಿ, ಜೋಡಿಸಿ, ರಟ್ಟು ಹಾಕಿಸಿ ಇಡುವ ರೂಢಿ ಆಗಿನ ಬಹಳ ಮನೆಗಳಲ್ಲಿತ್ತು. ನಮ್ಮ ಮನೆಯಲ್ಲಿ ಅಂಥವು ಏಳು ಉಳಿದಿವೆ. ಇದರಲ್ಲಿ ಮೊದಲ ಕಂತೇ ಇಲ್ಲದ ಕಾರಣ ಶೀರ್ಷಿಕೆಯೂ ಇಲ್ಲ, ಬರೆದವರ ಹೆಸರೂ ಇಲ್ಲ. ಒಂದೊಂದು ಕಂತಿನ ಬೆನ್ನಿಗೂ ಅರ್ಧ ಕತ್ತರಿಸಿದ ಜಾಹೀರಾತು, ಅಡುಗೆಯ ಟಿಪ್ಪಣಿ, ವಾರಭವಿಷ್ಯದ ತುಂಡು ಇದೆ. ಅಮ್ಮ ಇದನ್ನು ವಾರಕ್ಕೊಂದು ಕಂತಿನಂತೆ ಓದಿದವರು. ಕಥೆ ಏನಾಗುತ್ತದೆಂದು ಕೇಳಿದರೆ, "ನಾನು ಆಗ ವಾರಗಟ್ಟಲೆ ಕಾದಿದ್ದೇನೆ, ನೀನೂ ಕಾಯಿ" ಎಂದು ಬಾಯಿ ಬಿಡಲಿಲ್ಲ.

ಮೊದಲ ಸಂಜೆ ಓದಲು ಕುಳಿತು ಹತ್ತು ನಿಮಿಷವಾಗಿರಬಹುದು, ಅಮ್ಮ ಕೈಯೆತ್ತಿ ತಡೆದರು. "ಓದಿ ಹೇಳು ಅಂದೆ. ಓದಿದ್ದನ್ನು ಹೇಳು ಅನ್ನಲಿಲ್ಲ" ಎಂದರು. ನನಗೆ ಅರ್ಥವಾಗಲಿಲ್ಲ. "ಅಲ್ಲಿ ಬರೆದದ್ದು ಬೇರೆ ಇದೆ, ನೀನು ಹೇಳುತ್ತಿರುವುದು ಬೇರೆ ಇದೆ. ಅವರು ಇಷ್ಟು ಸರಳವಾಗಿ ಬರೆಯುತ್ತಿರಲಿಲ್ಲ" ಎಂದರು. ಹಿಂದಿನ ಪುಟಕ್ಕೆ ಹೋಗಿ ಮತ್ತೆ ನೋಡಿದಾಗ ಅವರ ಮಾತು ನಿಜವಾಗಿತ್ತು. ಆರು ಸಾಲಿನ ವಾಕ್ಯವನ್ನು ನಾನು ಮೂರು ಸಣ್ಣ ವಾಕ್ಯಗಳಾಗಿ ಒಡೆದು, ಗ್ರಂಥಸ್ಥ ರೂಪಗಳನ್ನು ಆಡುಮಾತಿಗೆ ಇಳಿಸಿ, ಎರಡು ವಿಶೇಷಣಗಳನ್ನು ಬಿಟ್ಟು, ಒಬ್ಬ ರೋಗಿಗೆ ಅರ್ಥಮಾಡಿಸುವ ಹಾಗೆ ಕನ್ನಡದಿಂದ ಕನ್ನಡಕ್ಕೇ ದುಭಾಷಿತನ ಮಾಡಿದ್ದೆ. ಹಾಗೆ ಮಾಡುತ್ತಿದ್ದೇನೆಂಬ ಪ್ರಜ್ಞೆಯೂ ಇರಲಿಲ್ಲ. ಕಣ್ಣು ಸರಿಯಾಗಿ ಕಾಣದ ಎಪ್ಪತ್ತೆರಡರ ಹೆಂಗಸು ಕೇವಲ ಕಿವಿಯಿಂದ ಅದನ್ನು ಹಿಡಿದರು.

ಆಮೇಲೆ ನಿಧಾನವಾಗಿ, ಬೆರಳಿಟ್ಟು, ಅಕ್ಷರಕ್ಕೆ ಅಕ್ಷರವೆಂಬಂತೆ ಓದಿದೆ. ಮೊದಲ ವಾರ ಬಹಳ ಕಷ್ಟವಾಯಿತು. ಎಂಟನೆಯ ಸಂಜೆ ಇರಬೇಕು, ಒಂದು ಉದ್ದವಾದ ವಾಕ್ಯ ಬಂತು. ತಂಗಿಯ ಮದುವೆಗೆಂದು ಸಾಲ ಮಾಡಿ ಸೀರೆ ಕೊಂಡು, ಬೆಳಗಿನ ಮೊದಲ ಬಸ್ಸಿಗೆ ಊರಿಗೆ ಹೊರಟವನ ಬಗ್ಗೆ ಆ ವಾಕ್ಯ. ಕಣ್ಣು ಇನ್ನೂ ಮೂರನೆಯ ಸಾಲಿನಲ್ಲಿದ್ದಾಗಲೇ ನಾಲಿಗೆ 'ಊರು ಸೇರಿದನು' ಎಂದು ಮುಗಿಸಿಬಿಟ್ಟಿತು. ಪುಟದಲ್ಲಿ ಇದ್ದದ್ದು ಅದಲ್ಲ. ಅವನು ಬಸ್ ನಿಲ್ದಾಣದ ಬೆಂಚಿನ ಮೇಲೆ ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತು, ಬಂದ ಬಸ್ಸನ್ನು ಹೋಗಗೊಟ್ಟು, ಮನೆಗೆ ಹಿಂದಿರುಗಿದ್ದ. ಅಮ್ಮ ಮುಖದಲ್ಲಿ ಏನನ್ನೂ ತೋರಗೊಡದೆ, "ಇನ್ನೊಮ್ಮೆ ಓದು" ಎಂದಷ್ಟೇ ಹೇಳಿದರು. ಇನ್ನೊಮ್ಮೆ ಓದಿದೆ. ಆ ವಾಕ್ಯದ ಕೊನೆಯ ಪದಕ್ಕೆ ಬಂದಾಗ ಎದೆಯಲ್ಲಿ ಏನೋ ಜಾರಿದಂತಾಯಿತು. ಪುಸ್ತಕದ ಒಂದು ಸಾಲಿನಿಂದ ಹಾಗಾಗಿ ಎಷ್ಟು ವರ್ಷಗಳಾಗಿದ್ದವೋ ಲೆಕ್ಕವಿಲ್ಲ.

ಕನ್ನಡ ವಾಕ್ಯದ ಜೀವ ಅದರ ತುದಿಯಲ್ಲಿದೆ. ಯಾರು, ಯಾರಿಗೆ, ಎಲ್ಲಿ, ಯಾವಾಗ, ಏಕೆ ಎಂಬುದೆಲ್ಲ ಮೊದಲೇ ಬಂದು ಸಾಲಾಗಿ ಕುಳಿತಿದ್ದರೂ ಕೊನೆಗೆ ಕ್ರಿಯಾಪದ ಬರುವವರೆಗೆ ಏನಾಯಿತೆಂಬುದು ತಿಳಿಯುವುದಿಲ್ಲ. ಆಯಿತೋ ಇಲ್ಲವೋ ಎಂಬುದು ಕೂಡ ಆ ಕ್ರಿಯಾಪದಕ್ಕೂ ಹಿಂದೆ ಅಂಟಿಕೊಂಡ 'ಇಲ್ಲ'ದಲ್ಲಿದೆ. ತೆಲುಗು, ಹಿಂದಿಗಳಲ್ಲೂ ಕ್ರಿಯಾಪದ ಕೊನೆಗೇ ಬರುವುದರಿಂದ ಅವುಗಳ ನಡುವೆ ದಾಟುವುದು ಸುಲಭ. ಇಂಗ್ಲಿಷಿಗೆ ದಾಟುವಾಗ ಮಾತ್ರ ವಾಕ್ಯದ ತುದಿಯಲ್ಲಿರುವುದನ್ನು ಮೊದಲಿಗೆ ತರಬೇಕು. ಕಾಯಲು ಸಮಯವಿಲ್ಲದಾಗ ದುಭಾಷಿಗಳು ಕ್ರಿಯಾಪದವನ್ನು ಊಹಿಸುತ್ತಾರೆ. ಇದು ನನ್ನೊಬ್ಬಳ ಅಭ್ಯಾಸವಲ್ಲ. 1945ರ ನವೆಂಬರ್ 20ರಂದು ನ್ಯೂರೆಂಬರ್ಗಿನಲ್ಲಿ ನಾಜಿ ನಾಯಕರ ವಿಚಾರಣೆ ಆರಂಭವಾದಾಗ ಇಂಗ್ಲಿಷ್, ಫ್ರೆಂಚ್, ರಷ್ಯನ್, ಜರ್ಮನ್ ನಾಲ್ಕೂ ಭಾಷೆಗಳಲ್ಲಿ ಏಕಕಾಲಕ್ಕೆ ಮಾತನ್ನು ತಲುಪಿಸುವ ವ್ಯವಸ್ಥೆ ಮಾಡಿದ್ದರು. ಜರ್ಮನ್ ಭಾಷೆಯಲ್ಲಿಯೂ ಅನೇಕ ವಾಕ್ಯಗಳ ಕ್ರಿಯಾಪದ ಕೊನೆಗೇ ಬರುವುದರಿಂದ ಅಲ್ಲಿನ ದುಭಾಷಿಗಳು ಉಸಿರು ಬಿಗಿಹಿಡಿದು ಅದಕ್ಕಾಗಿ ಕಾಯಬೇಕಾಗುತ್ತಿತ್ತು. ಮಾತನಾಡುವವರ ವೇಗ ಹೆಚ್ಚಾದರೆ ಹಳದಿ ದೀಪ, ಪೂರ್ತಿ ನಿಲ್ಲಿಸಬೇಕಾದರೆ ಕೆಂಪು ದೀಪ ಹೊತ್ತಿಸುತ್ತಿದ್ದರು. ಒಬ್ಬ ಆರೋಪಿಯ ಪ್ರಾಣ ಒಂದು ಕ್ರಿಯಾಪದದ ಮೇಲೆ ನಿಂತಿರುವ ಆ ಕೋಣೆಯಲ್ಲಿ ಹಳದಿ ದೀಪವೊಂದನ್ನು ಇಟ್ಟವರ ವಿವೇಕದ ಬಗ್ಗೆ ನನಗೆ ಅಪಾರ ಗೌರವವಿದೆ. ನನ್ನ ಸ್ಟೂಲಿನ ಬಳಿ ಅಂಥ ದೀಪವಿಲ್ಲ. ಸಮ್ಮೇಳನಗಳಲ್ಲಿ ಕೆಲಸ ಮಾಡುವ ದುಭಾಷಿಗಳು ಅರ್ಧ ಗಂಟೆಗೊಮ್ಮೆ ಜೊತೆಗಾರರಿಗೆ ಸರದಿ ಬಿಟ್ಟುಕೊಡುತ್ತಾರೆ. ಆಸ್ಪತ್ರೆಯಲ್ಲಿ ಬೆಳಗಿನ ಒಂಬತ್ತರಿಂದ ಮಧ್ಯಾಹ್ನದ ಊಟದವರೆಗೆ ಒಬ್ಬಳೇ.

ನಾನು ಊಹಿಸುವುದನ್ನೇ ಕಸುಬೆಂದುಕೊಂಡಿದ್ದೆ. ರೋಗಿ ಅರ್ಧ ಹೇಳುವಷ್ಟರಲ್ಲಿ ವೈದ್ಯರತ್ತ ಬಾಗಿ ಪಿಸುಮಾತಿನಲ್ಲಿ ಇಂಗ್ಲಿಷ್ ಶುರುಮಾಡುವುದು ನನ್ನ ಚುರುಕಿನ ಗುರುತಾಗಿತ್ತು, ಅದನ್ನು ಮೆಚ್ಚುವವರೂ ಇದ್ದರು. ಊಹೆ ಸರಿಯಾಗುವುದೇ ಹೆಚ್ಚು, ಏಕೆಂದರೆ ಕಾಯಿಲೆಯ ಮಾತುಗಳು ಒಂದನ್ನೊಂದು ಹೋಲುತ್ತವೆ. ಹಾಗೆ ಹೋಲುವುದರಿಂದಲೇ ಅಪಾಯ.

ನವೆಂಬರಿನಲ್ಲಿ ಉಸಿರಾಟದ ತೊಂದರೆಯವರು ಹೆಚ್ಚುತ್ತಾರೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಬೆಂಗಳೂರಿನ ಮೇಲೆ ನಾಲ್ಕೈದು ದಿನ ಬಿಡದೆ ಜಿನುಗುವ ಮಳೆ, ಅದರ ಹಿಂದೆಯೇ ಬರುವ ಶೀತಗಾಳಿ, ಬೆಳಗಿನ ಮಂಜು. ವಯಸ್ಸಾದವರ ಎದೆಗೆ ಇದಾವುದೂ ಒಗ್ಗುವುದಿಲ್ಲ. ಈ ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಅನಂತಪುರದ ಕಡೆಯ ಒಬ್ಬ ಅಜ್ಜಿ, "ಮೆಟ್ಲು ಎಕ್ಕಿತೇ ಆಯಾಸಂ ವಸ್ತುಂದಮ್ಮಾ" ಎಂದರು. ಮೆಟ್ಟಿಲು ಹತ್ತಿದರೆ ಆಯಾಸವಾಗುತ್ತದೆ ಎಂದು ಕೇಳಿಸಿಕೊಂಡೆ, ದಣಿವಾಗುತ್ತದೆ ಎಂದು ವೈದ್ಯರಿಗೆ ಹೇಳಿದೆ. ತೆಲುಗಿನ 'ಆಯಾಸಂ' ನಮ್ಮ ಆಯಾಸವಲ್ಲ. ಅದು ಉಸಿರು ಸಾಲದೆ ಮೇಲುಸಿರು ಬರುವುದು, ಏದುಸಿರು. ದಣಿವಿಗೆ ಅವರು 'ಅಲಸಟ' ಎನ್ನುತ್ತಾರೆ. ಬೀದಿಯ ಆಟದಲ್ಲಿ ಕಲಿತ ನನ್ನ ತೆಲುಗಿನಲ್ಲಿ ಕಾಯಿಲೆಯ ಪದಗಳಿರಲಿಲ್ಲ. ವೈದ್ಯರು ಅದೃಷ್ಟವಶಾತ್ ಎಷ್ಟು ಮೆಟ್ಟಿಲು, ರಾತ್ರಿ ಮಲಗಿದಾಗ ಉಸಿರಾಡಲು ಎಷ್ಟು ದಿಂಬು ಬೇಕು ಎಂದು ಮುಂದಿನ ಪ್ರಶ್ನೆ ಕೇಳಿದ್ದರಿಂದ ತಪ್ಪು ಅಲ್ಲಿಯೇ ಸರಿಹೋಯಿತು. ಆ ಅಜ್ಜಿ ಹೃದ್ರೋಗದವರು. ಎಲ್ಲ ಕಡೆಯೂ ಹಾಗೆ ಸರಿಹೋಗುವುದಿಲ್ಲ. 1980ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಹದಿನೆಂಟರ ಹುಡುಗನೊಬ್ಬನನ್ನು ಆಸ್ಪತ್ರೆಗೆ ತಂದ ಸ್ಪ್ಯಾನಿಷ್ ಮಾತಿನ ಮನೆಯವರು ಅವನಿಗೆ ತಿಂದ ಆಹಾರ ವಿಷವಾಗಿದೆ ಎಂಬರ್ಥದಲ್ಲಿ ಒಂದು ಪದ ಬಳಸಿದರು, ವೈದ್ಯರು ಅದನ್ನು ಮಾದಕ ವಸ್ತುವಿನ ಅತಿಸೇವನೆ ಎಂದು ತಿಳಿದು ಚಿಕಿತ್ಸೆ ಮಾಡಿದರು. ಮಿದುಳಿನಲ್ಲಾಗಿದ್ದ ರಕ್ತಸ್ರಾವ ತಿಳಿಯುವಷ್ಟರಲ್ಲಿ ಅವನ ಕೈಕಾಲುಗಳೆಲ್ಲ ಶಾಶ್ವತವಾಗಿ ನಿಷ್ಕ್ರಿಯವಾಗಿದ್ದವು. ಅವನ ಜೀವಮಾನದ ಆರೈಕೆಗೆಂದು ಒಪ್ಪಂದವಾದ ಪರಿಹಾರದ ಮೊತ್ತ ಸುಮಾರು 7.1 ಕೋಟಿ ಡಾಲರ್. ಆಸ್ಪತ್ರೆಯ ದುಭಾಷಿಗಳೆಲ್ಲ ಈ ಕಥೆಯನ್ನು ಬಲ್ಲರು. ನನ್ನ ಮಟ್ಟಿಗೆ ಅದರ ಹೆಸರು 'ಆಯಾಸಂ'.

ಬೇರೆ ಭಾಷೆ ಎಂದು ಗೊತ್ತಿದ್ದಾಗಲಾದರೂ ಎಚ್ಚರವಿರುತ್ತದೆ. ಕನ್ನಡವೇ ಆದಾಗ ಎಚ್ಚರ ತಪ್ಪುತ್ತದೆ. ಕಲಬುರಗಿಯ ಕಡೆಯವರು "ಹೊಟ್ಟಿ ಕಡೀತದ" ಎಂದರೆ ಹೊಟ್ಟೆಯೊಳಗೆ ಕಿವುಚಿದಂತೆ ನೋವು. ಹಳೆ ಮೈಸೂರಿನ ಕಿವಿಗೆ ಕಡಿತವೆಂದರೆ ಮೊದಲು ಹೊಳೆಯುವುದು ತುರಿಕೆ. ನಾವು ಬೇನೆಯನ್ನು ಹೆರಿಗೆಗೆ ಮಾತ್ರ ಉಳಿಸಿಕೊಂಡಿದ್ದೇವೆ, ಅವರಿಗೆ ತಲೆಯದೂ 'ಬ್ಯಾನಿ', ಹೊಟ್ಟೆಯದೂ 'ಬ್ಯಾನಿ'. ಅವರ ಜ್ವರ ಬಹುವಚನದಲ್ಲಿ ಬರುತ್ತದೆ, "ಜ್ವರಾ ಬಂದಾವ್ರಿ" ಎನ್ನುತ್ತಾರೆ. ಒಂದೇ ಜ್ವರವನ್ನು ಹಲವಾಗಿ ಎಣಿಸುವ ಆ ವ್ಯಾಕರಣದಲ್ಲಿ ಬಿಟ್ಟು ಬಿಟ್ಟು ಬರುವ ಚಳಿಜ್ವರಗಳ ಕಾಲದ ನೆನಪಿದೆಯೇನೋ ಎಂದು ನನಗೆ ಅನಿಸುವುದುಂಟು. ಇನ್ನು ನಮ್ಮ ಕಡೆಯವರು ಎದೆಯಲ್ಲಿ ಏನೇ ಆದರೂ 'ಗ್ಯಾಸ್ಟ್ರಿಕ್' ಎನ್ನುತ್ತಾರೆ. ಅದನ್ನು ಹಾಗೆಯೇ ಇಂಗ್ಲಿಷಿನಲ್ಲಿ ಒಪ್ಪಿಸಿದರೆ ಪದ ಸರಿಯಾಗಿರುತ್ತದೆ, ವಿಷಯ ತಪ್ಪಿರಬಹುದು. ಅಂಥಲ್ಲಿ "ಇದು ರೋಗಿಯ ಪದ, ಎದೆಯ ಯಾವ ತೊಂದರೆಗೂ ಇದನ್ನು ಬಳಸುತ್ತಾರೆ" ಎಂದು ದುಭಾಷಿಯಾಗಿ ನನ್ನ ಮಾತನ್ನು ಬೇರೆಯಾಗಿ ಹೇಳಿ, ಮತ್ತೆ ರೋಗಿಯ ಮಾತಿಗೆ ಮರಳುತ್ತೇನೆ.

ಧಾರಾವಾಹಿ ಓದುತ್ತಾ ನನಗೆ ಗೊತ್ತಾದ ಇನ್ನೊಂದು ನಷ್ಟವಿತ್ತು. ಅದರ ನಾಯಕಿ ಬಾಣಂತನದ ನಂತರ ಚೇತರಿಸಿಕೊಳ್ಳದೆ ಉಳಿಯುತ್ತಾಳೆ. ಬರೆದವರು ಅವಳ ಸ್ಥಿತಿಯನ್ನು ಹೇಳಲು ಒಂದು ಕಡೆ ದಣಿವು, ಇನ್ನೊಂದು ಕಡೆ ಬಳಲಿಕೆ, ಮುಂದೆ ನಿತ್ರಾಣ, ಅದಕ್ಕೂ ಮುಂದೆ ನವೆಯುವುದು ಎಂದು ಪದಗಳನ್ನು ಇಳಿಜಾರಿನಂತೆ ಇಟ್ಟಿದ್ದಾರೆ. 'ನವೆ' ಎಂದರೆ ತುರಿಕೆ ಎಂದಷ್ಟೇ ನನಗೆ ಬಳಕೆಯಾಗಿತ್ತು. ಅದಕ್ಕೆ ಕೃಶವಾಗು, ಸೊರಗಿ ಕ್ಷೀಣಿಸು ಎಂಬ ಹಳೆಯ ಅರ್ಥವಿರುವುದನ್ನು ಅಮ್ಮ ಹೇಳಿದರು, ಅಪ್ಪನ ನಿಘಂಟು ತೆಗೆದು ನೋಡಿ ಖಚಿತಪಡಿಸಿಕೊಂಡೆ. ಅಮ್ಮನಿಗೆ ಆ ಪದಗಳೆಲ್ಲ ಅಡುಗೆಮನೆಯ ಡಬ್ಬಿಗಳಿದ್ದಂತೆ, ಕತ್ತಲಲ್ಲೂ ಕೈಗೆ ಸಿಗುತ್ತವೆ. ನಾನು ದಿನಕ್ಕೆ ಇಪ್ಪತ್ತು ಸಲ ಈ ಎಲ್ಲಕ್ಕೂ ಸೇರಿಸಿ 'ಸುಸ್ತು' ಎಂಬ ಒಂದೇ ಪದವನ್ನು ಬಳಸುತ್ತಿದ್ದೆ. ಮಲಗಿ ಎದ್ದರೆ ಹೋಗುವ ದಣಿವೂ, ಮಲಗಿದರೂ ಹೋಗದ ನಿತ್ರಾಣವೂ ವೈದ್ಯರ ಲೆಕ್ಕದಲ್ಲಿ ಒಂದೇ ಅಲ್ಲ. ನಾಲ್ಕು ಭಾಷೆ ಬಲ್ಲೆನೆಂದು ಸಂಬಳ ಪಡೆಯುವವಳು ಸ್ವಂತ ಭಾಷೆಯಲ್ಲಿ ಇಷ್ಟು ಕಡಿಮೆ ಪದಗಳಿಂದ ದಿನ ತಳ್ಳುತ್ತಿದ್ದೆನೆಂಬುದು ನನಗೆ ನಿಜವಾಗಿ ನೋವುಂಟುಮಾಡಿತು.

ಅದರ ಮುಂದಿನ ಭಾನುವಾರ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ಕೇಂದ್ರ ಗ್ರಂಥಾಲಯಕ್ಕೆ ಹೋದೆ. 1915ರ ಆ ಕೆಂಪು ಕಟ್ಟಡದ ಎದುರಿನಿಂದ ನೂರಾರು ಸಲ ಬಸ್ಸಿನಲ್ಲಿ ಹಾದುಹೋಗಿದ್ದರೂ ಕಾಲೇಜು ಬಿಟ್ಟ ಮೇಲೆ ಒಳಗೆ ಕಾಲಿಟ್ಟಿರಲಿಲ್ಲ. 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಸೇರಿರುತ್ತದೆ, ಅಂದರೆ ಈ ಊರಿನ ಪ್ರತಿಯೊಂದು ಮನೆಯೂ ಈ ಕಪಾಟುಗಳಿಗೆ ಹಣ ಕೊಟ್ಟಿದೆ. ನಾನೂ ಪ್ರತಿ ವರ್ಷ ಕೊಟ್ಟು, ಪಡೆಯದೆ ಉಳಿದಿದ್ದೆ. ಉದ್ದನೆಯ ಮೇಜಿನ ಮೇಲೆ ಕಿಟೆಲ್ಲರ ನಿಘಂಟನ್ನು ಇಟ್ಟುಕೊಂಡು ಒಂದೂವರೆ ಗಂಟೆ ಕುಳಿತೆ. ಜರ್ಮನಿಯಿಂದ ಬಂದ ಪಾದ್ರಿಯೊಬ್ಬರು ಎಪ್ಪತ್ತು ಸಾವಿರದಷ್ಟು ಪದಗಳನ್ನು ಕೂಡಿಸಿ, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಹೊರತಂದ ಆ ಗ್ರಂಥವನ್ನು ನಾನು ಪದದ ಅರ್ಥಕ್ಕಾಗಿ ಹುಡುಕಲಿಲ್ಲ, ಕಥೆಯಂತೆ ಓದಿದೆ. ಸುತ್ತಲೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ತುಂಬಿದ್ದರು. ಎದುರಿಗಿದ್ದ ಹುಡುಗಿ ತುಟಿಯಾಡಿಸುತ್ತಾ ಓದುತ್ತಿದ್ದಳು. ಆ ಒಂದೂವರೆ ಗಂಟೆಯಲ್ಲಿ ತಲೆಯೊಳಗಿನ ತೆಲುಗು, ಹಿಂದಿ, ಇಂಗ್ಲಿಷ್ ಒಂದೂ ಬಾಯಿ ತೆರೆಯಲಿಲ್ಲವೆಂಬುದು ಹೊರಗೆ ಬಂದ ಮೇಲೆ ಗಮನಕ್ಕೆ ಬಂತು.

ಓದು ಮರಳಿದ ಮೇಲೆ ದಿನಗಳೂ ಸ್ವಲ್ಪ ಬದಲಾದವು. ನಮ್ಮ ಬೀದಿಯ ತಿರುವಿನಲ್ಲಿ ಎರಡು ಆಕಾಶಮಲ್ಲಿಗೆ ಮರಗಳಿವೆ. ಅಕ್ಟೋಬರ್ ಕೊನೆಯಿಂದ ಅವು ರಾತ್ರಿ ಅರಳಿ, ಬೆಳಗಾಗುವಾಗ ಉದ್ದ ತೊಟ್ಟಿನ ಬಿಳಿಯ ಹೂಗಳನ್ನು ರಸ್ತೆಗೆ ಸುರಿದಿರುತ್ತವೆ. ಏಳೂವರೆಯ ಬಸ್ಸಿಗೆ ಓಡುವಾಗ ಅವುಗಳನ್ನು ತುಳಿದುಕೊಂಡೇ ಹೋಗುತ್ತಿದ್ದೆ. ಈಗ ಹತ್ತು ನಿಮಿಷ ಮೊದಲೇ ಹೊರಟು, ಅಮ್ಮನಿಗೆಂದು ಒಂದು ಹಿಡಿ ಆರಿಸಿ ಕರವಸ್ತ್ರದಲ್ಲಿ ಕಟ್ಟಿ ಮನೆಯ ಕಿಟಕಿಯಲ್ಲಿಟ್ಟು ಹೋಗುತ್ತೇನೆ. ಕಣ್ಣಿಗೆ ಹನಿ ಬಿಟ್ಟುಕೊಂಡು ಮುಚ್ಚಿ ಮಲಗಿದ್ದಾಗ ಆ ಕಂಪು ಚೆನ್ನಾಗಿರುತ್ತದೆ ಎಂದು ಅವರು ಹೇಳಿದ್ದರು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದೆ. ದೊಡ್ಡ ಬಸವನ ಗುಡಿಯ ರಸ್ತೆಯ ಎರಡೂ ಬದಿಗೆ ಹಸಿ, ಹುರಿದ, ಬೇಯಿಸಿದ ಕಾಯಿಯ ರಾಶಿಗಳು. ಚಿಂತಾಮಣಿಯ ಕಡೆಯಿಂದ ಬಂದ ಗಂಡ ಹೆಂಡತಿ ಸೇರಿನ ಅಳತೆಯ ಬಗ್ಗೆ ತಮ್ಮೊಳಗೆ ತೆಲುಗಿನಲ್ಲಿ ವಾದ ಮಾಡುತ್ತಿದ್ದರು. ಪಕ್ಕದವರೊಡನೆ ಕನ್ನಡ, ಕೊಳ್ಳಲು ಬಂದ ಹುಡುಗರೊಡನೆ ಹಿಂದಿ ಆಡುತ್ತಿದ್ದರು. ಅಷ್ಟು ಮಾತುಗಳ ನಡುವೆ ನಿಂತು ಯಾವುದನ್ನೂ ಯಾರಿಗೂ ತಲುಪಿಸಬೇಕಾಗಿಲ್ಲವೆಂಬ ಬಿಡುವನ್ನು ಅನುಭವಿಸುತ್ತಾ ಒಂದು ಸೇರು ಬೇಯಿಸಿದ ಕಾಯಿ ತಿಂದು ಮುಗಿಸಿದೆ.

ತೆಲುಗು ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ತೆಲುಗಿನಲ್ಲಿ 'ನಾವು' ಎನ್ನಲು ಎರಡು ಪದಗಳಿವೆ. ಕೇಳುವವರನ್ನೂ ಸೇರಿಸಿಕೊಂಡ ನಾವು 'ಮನಂ', ಅವರನ್ನು ಬಿಟ್ಟ ನಾವು 'ಮೇಮು'. ತುಳುವಿನಲ್ಲಿಯೂ 'ನಮ', 'ಎಂಕುಳು' ಎಂಬ ಇದೇ ಭೇದವಿದೆ. ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ 'ನಾವು'. ಕಳೆದ ತಿಂಗಳು ಒಬ್ಬ ತಂದೆ, ಮಗನ ಚಿಕಿತ್ಸೆಯಿಂದ ಇನ್ನು ಪ್ರಯೋಜನವಿಲ್ಲವೆಂದು ವೈದ್ಯರು ತಿಳಿಸಿದಾಗ, ಅದುವರೆಗೆ ಎರಡು ತಿಂಗಳಿಂದ ವೈದ್ಯರೊಡನೆ 'ಮನಂ' ಎಂದೇ ಮಾತನಾಡುತ್ತಿದ್ದವರು, "ಸರೇ ಸಾರ್, ಇಂಕ ಮೇಮು ಚೂಸುಕುಂಟಾಮು" ಎಂದರು. ಆಯಿತು ಸಾರ್, ಇನ್ನು ನಾವು ನೋಡಿಕೊಳ್ಳುತ್ತೇವೆ. ವೈದ್ಯರು ಕನ್ನಡದವರು. ಅನುವಾದದಲ್ಲಿ ಒಂದು ಪದವೂ ತಪ್ಪಿರಲಿಲ್ಲ, ಆದರೆ ಆ ತಂದೆ ಆ ಒಂದು ಸರ್ವನಾಮದಲ್ಲಿ ಮಗನನ್ನು ಎತ್ತಿಕೊಂಡು ಕೋಣೆಯಿಂದ ಹೊರಟಾಗಿತ್ತು. ಹಿಂದಿನ ವರ್ಷವಾಗಿದ್ದರೆ ನಾನು ಅಲ್ಲಿಗೆ ಮುಗಿಸುತ್ತಿದ್ದೆ. ಅಂದು ಒಂದು ಕ್ಷಣ ತಡೆದು, "ನಾವು ಎಂದರೆ ಮನೆಯವರು ಮಾತ್ರ, ನಿಮ್ಮನ್ನು ಸೇರಿಸಿ ಅಲ್ಲ ಎಂಬರ್ಥದ ಪದ ಬಳಸಿದ್ದಾರೆ ಡಾಕ್ಟ್ರೇ" ಎಂದೆ. ವೈದ್ಯರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟು, ಎದ್ದು ಬಂದು ಅವರ ಪಕ್ಕದ ಕುರ್ಚಿಯಲ್ಲಿ ಕುಳಿತು, ನೋವು ಕಡಿಮೆ ಮಾಡುವ ಆರೈಕೆಯ ಬಗ್ಗೆ, ಯಾವ ಹೊತ್ತಿನಲ್ಲಾದರೂ ತಮಗೆ ಫೋನ್ ಮಾಡಬಹುದೆಂಬುದರ ಬಗ್ಗೆ ಮತ್ತೆ ಮೊದಲಿನಿಂದ ಮಾತನಾಡಿದರು.

ಮಾರ್ಗಶಿರದ ಮೊದಲ ವಾರದಲ್ಲಿ ರಾಯಚೂರಿನ ಕಡೆಯ ಒಬ್ಬ ಹಿರಿಯರು ಬಂದರು. ಎದುರಿಗೆ ಕನ್ನಡ ಬಾರದ ಯುವ ವೈದ್ಯೆ. ರಕ್ತದೊತ್ತಡ ಬಹಳ ಏರಿತ್ತು, ಹಿಂದೆ ಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂಬುದು ಪ್ರಶ್ನೆ. ಅವರು ಹೇಳತೊಡಗಿದರು: "ಊರಾಗಿನ ಡಾಕ್ಟ್ರು ಕೊಟ್ಟ ಗುಳಿಗಿ ಮುಂಜಾನಿ ಒಂದು, ರಾತ್ರಿ ಒಂದು, ಊಟ ಆದ ಮ್ಯಾಲ ತಪ್ಪದಂಗ ತಗೋಬೇಕಂತ ನನ್ನ ಮಗಳು ಚೀಟಿ ಬರದು ಗ್ವಾಡಿಗೆ ಹಚ್ಚಿದ್ಲು ಖರೆ..." ಇಲ್ಲಿಗೆ ಅವರು ನಿಂತರು. ವೈದ್ಯೆ ನನ್ನ ಕಡೆ ನೋಡಿದರು. ಹೊರಗೆ ಸಾಲು ಬಾಗಿಲವರೆಗೆ ಬಂದಿತ್ತು. ದಿನಕ್ಕೆ ಎರಡು ಮಾತ್ರೆ, ಊಟದ ನಂತರ, ತಪ್ಪದೆ ಎಂಬ ಇಂಗ್ಲಿಷ್ ವಾಕ್ಯ ನನ್ನ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಬಸ್ ನಿಲ್ದಾಣದ ಬೆಂಚಿನ ಮೇಲೆ ಸೀರೆಯ ಗಂಟು ಇಟ್ಟುಕೊಂಡು ಕುಳಿತವನ ನೆನಪಾಯಿತು. ಬಾಯಿ ಮುಚ್ಚಿಕೊಂಡು ಕಾದೆ. ಹಿರಿಯರು ಕೈಯಲ್ಲಿದ್ದ ಟವೆಲ್ಲನ್ನು ಒಮ್ಮೆ ಮಡಿಸಿದರು, ಬಿಚ್ಚಿದರು. "...ನಾ ತಗೊಂಡಿಲ್ರಿ" ಎಂದರು.

ಅವರು ಏಕೆ ತೆಗೆದುಕೊಳ್ಳಲಿಲ್ಲ ಎಂಬುದನ್ನು ಹೇಳಲು ಇನ್ನೂ ಹತ್ತು ನಿಮಿಷ ಹಿಡಿಯಿತು, ಅದು ಅವರ ಮತ್ತು ವೈದ್ಯೆಯ ನಡುವಿನ ಮಾತು. ಕೋಣೆಯಿಂದ ಹೊರಬಂದಾಗ ನನ್ನ ಕೈ ಸಣ್ಣಗೆ ನಡುಗುತ್ತಿತ್ತು. ಕಳೆದ ವರ್ಷಗಳಲ್ಲಿ ಎಷ್ಟು ಜನರ 'ಇಲ್ಲ'ವನ್ನು ಕೇಳದೆ ದಾಟಿಹೋಗಿದ್ದೇನೆಂಬ ಪ್ರಶ್ನೆ ಆ ಸಂಜೆ ಬಸ್ಸಿನಲ್ಲಿ ನನ್ನ ಜೊತೆಗೇ ಬಂತು, ಈಗಲೂ ಬರುತ್ತದೆ. ಹರಿದು ಹಾಕಿದ ಕಾಗದಗಳಲ್ಲಿ ಅದಕ್ಕೆ ಉತ್ತರವಿಲ್ಲ.

ಅಮ್ಮನಿಗೆ ಹೊಸ ಕನ್ನಡಕ ಬಂದು ಹತ್ತು ದಿನವಾಯಿತು. ಧಾರಾವಾಹಿಯ ಕೊನೆಯ ನಾಲ್ಕು ಕಂತು ಉಳಿದಿದ್ದಾಗಲೇ ಅದು ಬಂದರೂ, ಅವರು ಅದನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟು ನಾನು ಓದಿ ಮುಗಿಸುವವರೆಗೆ ಕಣ್ಣು ಮುಚ್ಚಿ ಕೇಳಿದರು. ಎಡಗಣ್ಣಿಗೆ ಸಂಕ್ರಾಂತಿ ಕಳೆದ ಮೇಲೆ ದಿನ ಗೊತ್ತಾಗಿದೆ. ನಿನ್ನೆ ಸಂಜೆ ಅವರೆಕಾಯಿ ಸುಲಿಯುತ್ತಾ, ಬೈಂಡ್ ಮಾಡಿದ ಉಳಿದ ಆರರಲ್ಲಿ ಯಾವುದು ಆ ತಿಂಗಳಿಗೆ ಸಾಕಾಗುವಷ್ಟು ದಪ್ಪವಿದೆ ನೋಡು ಎಂದರು. ನೀಲಿ ರಟ್ಟಿನದನ್ನು ತೂಕ ನೋಡಿ ಮಂಚದ ಪಕ್ಕ ತಂದಿಟ್ಟಿದ್ದೇನೆ. ಇದಕ್ಕೆ ಮೊದಲ ಕಂತು ಇದೆ.